ಮೂರನೆಯ ಕಟ್ಟು

ಗದ್ದೆಮ್ಮನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಬೇರೆ ದಿನ ಹೇಗೋ ಏನೋ, ಮಸ್ಕಿಯ ಕಬಡ್ಡಿ ತಂಡ ಆಡುವ ದಿನವಂತೂ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಊರಿನವರೆಲ್ಲ ಹಳ್ಳದ ದಂಡೆಯ ಮೈದಾನದ ಸುತ್ತ ಕುಕ್ಕರಗಾಲಲ್ಲಿ ಕೂತು ಆಟ ನೋಡಿದರೆ, ಇವಳು ಅವರ ಬೆನ್ನ ಹಿಂದೆ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಲೇ ನೋಡುತ್ತಿದ್ದಳು. ಸೆರಗಿನ ತುದಿ ಬಾಯಲ್ಲಿ. ಆಟ ಮುಗಿಯುವ ಹೊತ್ತಿಗೆ ಸೆರಗು ಒದ್ದೆ ಮುದ್ದೆ. ಐವತ್ತು ದಾಟಿದ ವಿಧವೆ ಗಂಡಸರ ಆಟಕ್ಕೆ ಬರುತ್ತಾಳಲ್ಲ ಎಂದು ಮೊದಮೊದಲು ಆಡಿಕೊಂಡವರಿದ್ದರು. ಆದರೆ ಅವಳು ಸುತ್ತಲಿನ ಹತ್ತು ಹಳ್ಳಿಗೆ ಎಲುಬು ಕಟ್ಟುವವಳು. ಇವತ್ತು ಆಡಿಕೊಂಡವನು ನಾಳೆ ಎತ್ತಿನ ಬಂಡಿಯಿಂದ ಬಿದ್ದರೆ ಅವಳ ಮನೆಯ ಕಟ್ಟೆಗೇ ಬರಬೇಕು. ಹಾಗಾಗಿ ಬಾಯಿ ಮುಚ್ಚಿಕೊಂಡರು.

ನಾನು ವಿರೂಪಾಕ್ಷಪ್ಪ. ಆಗ ಮಸ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ತಂಡದ ಯಾದಿಯಲ್ಲಿ ನನ್ನ ಹೆಸರೂ ಇತ್ತು, ಕೊನೆಯಲ್ಲಿ, ಹೆಚ್ಚುವರಿ ಆಟಗಾರನೆಂದು. ಯಾರಾದರೂ ಪೆಟ್ಟು ತಿಂದು ಹೊರಗೆ ಬಂದರೆ ನಾನು ಒಳಗೆ ಹೋಗಬೇಕು. ನನಗೋ ಅದು ಬೇಡವಾಗಿತ್ತು. ಹೆಸರು ಯಾದಿಯಲ್ಲಿರಬೇಕು, ಮೈ ಮಣ್ಣಾಗಬಾರದು ಎನ್ನುವ ಜಾತಿಯವನು ನಾನು. ಇದನ್ನು ಈಗ ಒಪ್ಪಿಕೊಂಡರೆ ಯಾರಿಗೂ ನಷ್ಟವಿಲ್ಲ. ಆಗ ಒಪ್ಪಿಕೊಂಡಿದ್ದರೆ ಒಬ್ಬನಿಗೆ ಲಾಭವಾಗುತ್ತಿತ್ತು.

ಗದ್ದೆಮ್ಮ ಆಟವನ್ನು ನೋಡುವ ಬಗೆಯೇ ಬೇರೆ. ನಾವು ಪಾಯಿಂಟು ಎಣಿಸುತ್ತಿದ್ದೆವು, ಅವಳು ಕೀಲು ಎಣಿಸುತ್ತಿದ್ದಳು. ಬಜಾರಿನಲ್ಲಿ ಆಟಗಾರ ಸಿಕ್ಕರೆ ಮಾತಾಡಿಸದೆ ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದಳು, ಅವನ ನಡಿಗೆ ನೋಡಲು. ಆಮೇಲೆ ಮುಂದೆ ಬಂದು ಎಡಗಾಲು ಯಾಕೆ ಎಳೆಯುತ್ತಿದೆ, ನಿನ್ನೆ ಯಾರ ಬಂಡಿ ಎತ್ತಿದೆ, ಆಟ ಮುಗಿಯುವ ತನಕ ಮೂಟೆ ಹೊರಬೇಡ ಎಂದು ಜಬರಿಸುತ್ತಿದ್ದಳು. ಗೆದ್ದರೆ ಎರಡು ದಿನ ಅವಳ ಮುಖ ಅರಳಿರುತ್ತಿತ್ತು. ಸೋತರೆ ಒಲೆ ಹಚ್ಚುತ್ತಿರಲಿಲ್ಲ. ಪಕ್ಕದ ಮನೆಯ ಚಾಂದ್‌ಬೀ ರೊಟ್ಟಿ ತಂದುಕೊಟ್ಟು, ಸೋತವರು ಉಂಡು ಮಲಗಿದ್ದಾರೆ, ನೀನೊಬ್ಬಳು ಉಪವಾಸ ಎಂದು ಬೈದು ಹೋಗುತ್ತಿದ್ದಳು.

ಜೋಳದ ಸುಗ್ಗಿ ಮುಗಿದು ಹೊಲಗಳು ಖಾಲಿಯಾದ ಮೇಲೆ ನಮ್ಮ ಹಂಗಾಮು. ಮಸ್ಕಿ, ಸಿಂಧನೂರು, ಲಿಂಗಸುಗೂರು, ಮೂರೂ ಊರಿನ ತಂಡಗಳು ಒಬ್ಬರ ಊರಿಗೆ ಒಬ್ಬರು ಹೋಗಿ ಆಡುವುದು, ಕೊನೆಗೆ ಉಳಿದ ಇಬ್ಬರಿಗೆ ಲಿಂಗಸುಗೂರಿನ ದೊಡ್ಡ ಮೈದಾನದಲ್ಲಿ ಫೈನಲ್. ಗೆದ್ದವರಿಗೆ ಒಂದು ಹಿತ್ತಾಳೆಯ ಢಾಲು. ಅದು ನಾಲ್ಕು ವರ್ಷದಿಂದ ಲಿಂಗಸುಗೂರು ಬಿಟ್ಟು ಕದಲಿರಲಿಲ್ಲ. ತಾಲೂಕು ಕಚೇರಿ ಅಲ್ಲಿ, ಮುನ್ಸೀಫ್ ಕೋರ್ಟು ಅಲ್ಲಿ, ಕಬಡ್ಡಿಯೂ ಅವರದೇ ಎನ್ನುವ ಗತ್ತು ಅವರಿಗೆ. ನಮಗೆ ಅದು ಮೈ ಉರಿ.

1954ರಲ್ಲಿ ನಮಗೆ ಮೊದಲ ಸಲ ಆಸೆ ಹುಟ್ಟಿತು. ಪಾಮನಕಲ್ಲೂರಿನ ಆದೆಪ್ಪ ಆ ವರ್ಷ ನಮ್ಮ ಕಡೆ ಆಡಲು ಬಂದ. ಇಪ್ಪತ್ತೆರಡರ ಹುಡುಗ, ಮಾತು ಕಡಿಮೆ. ದಮ್ಮು ಹಿಡಿದು ಎದುರಾಳಿಗಳ ಅಂಕಣಕ್ಕೆ ಹೋದನೆಂದರೆ ಬರಿಗೈಯಲ್ಲಿ ಬಂದವನಲ್ಲ. ಗದ್ದೆಮ್ಮ ಮೊದಲ ದಿನವೇ ಅವನನ್ನು ನೋಡಿ, ಇವನ ಮೈಯಲ್ಲಿ ಎಲುಬೇ ಇಲ್ಲವಲ್ಲ ಎಂದು ಬೆರಗಾದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಆದರೆ ಆ ಹಂಗಾಮು ನಮ್ಮನ್ನು ನೆಮ್ಮದಿಯಾಗಿ ಇರಗೊಡಲಿಲ್ಲ. ಎರಡನೇ ಆಟದಲ್ಲಿ ಕ್ಯಾಪ್ಟನ್ ದೊಡ್ಡಬಸಪ್ಪನ ಎರಡು ಬೆರಳು ಕೀಲು ತಪ್ಪಿದವು. ಮೂರನೆಯದರಲ್ಲಿ ಅಲ್ಲಾಭಕ್ಷ್‌ನ ಹಿಮ್ಮಡಿ ಉಳುಕಿತು, ಇಬ್ಬರೂ ಪಟ್ಟಿ ಸುತ್ತಿಕೊಂಡೇ ಆಡಿದರು. ನಾಲ್ಕನೆಯದು ಸಿಂಧನೂರಿನಲ್ಲಿ. ಅವರು ಕಾಲುವೆ ತೋಡಲು ಬಂದಿದ್ದ ಕಟ್ಟುಮಸ್ತಾದ ಆಳುಗಳನ್ನು ತಂಡಕ್ಕೆ ಸೇರಿಸಿಕೊಂಡಿದ್ದರು. ಅವರಲ್ಲಿ ಮೂವರು ಆದೆಪ್ಪನ ಮೇಲೆ ಒಟ್ಟಿಗೆ ಬಿದ್ದರು. ಅವರು ಎದ್ದರು, ಅವನು ಏಳಲಿಲ್ಲ. ಬಲ ಮುಂಗೈ ಎಲುಬು ಮುರಿದಿತ್ತು. ಅದು ಆಟದ ಕೊನೆಯ ದಾಳಿಯಾದ್ದರಿಂದ ನಾನು ಒಳಗಿಳಿಯದೆ ಬಚಾವಾದೆ. ಆಟ ಗೆದ್ದೆವು, ಫೈನಲ್ ಸೇರಿದೆವು, ಲಾರಿಯಲ್ಲಿ ಮಸ್ಕಿಗೆ ಬರುವಾಗ ದೊಡ್ಡಬಸಪ್ಪ ಆದೆಪ್ಪನ ಕೈಯನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡಿದ್ದ.

ಗದ್ದೆಮ್ಮ ಮುರಿದ ಎಲುಬಿಗೆ ಮೂರು ಕಟ್ಟು ಹಾಕುತ್ತಿದ್ದಳು. ಉದ್ದಿನ ಹಿಟ್ಟನ್ನು ಮೊಟ್ಟೆಯ ಲೋಳೆಯಲ್ಲಿ ಕಲಸಿ ಹಚ್ಚಿ, ಮೇಲೆ ಬಿದಿರಿನ ದಬ್ಬೆ ಇಟ್ಟು, ಹಳೆ ಸೀರೆಯ ಬಟ್ಟೆ ಸುತ್ತುವುದು. ಒಂದೊಂದು ಕಟ್ಟಿಗೆ ಒಂಬತ್ತು ದಿನ. ಕಟ್ಟಿದ ಕೈಯೇ ಬಿಚ್ಚಬೇಕು. ಇಪ್ಪತ್ತೇಳು ದಿನ ತುಂಬಿ ಮೂರನೆಯ ಕಟ್ಟು ಬಿಚ್ಚಿದ ಮೇಲೆ ಒಂದು ಪರೀಕ್ಷೆ: ಕಂಠದವರೆಗೆ ನೀರು ತುಂಬಿದ ತಾಮ್ರದ ಚರಿಗೆಯನ್ನು ಆ ಕೈಯಲ್ಲಿ ಹೆಗಲ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಅವಳು ಇಪ್ಪತ್ತು ಎಣಿಸುವ ತನಕ. ನೀರು ತುಳುಕಬಾರದು, ಮುಖ ಕಿವುಚಬಾರದು. ಅಷ್ಟಾದರೆ ಅವನು ನೇಗಿಲು ಹಿಡಿಯಬಹುದು. ಚರಿಗೆ ಒಂದು ಬೆರಳು ಕೊರತೆ ಇದ್ದರೂ ತಂದವರನ್ನು ವಾಪಸು ಅಟ್ಟುತ್ತಿದ್ದಳು. ಈ ಲೆಕ್ಕ ಅವಳ ಅತ್ತೆಯಿಂದ ಬಂದದ್ದು. ಅದರಲ್ಲಿ ಒಂದು ದಿನ ಹಿಂದೆ ಮುಂದೆ ಆದದ್ದನ್ನು ಮಸ್ಕಿ ಕಂಡಿರಲಿಲ್ಲ.

ಫೈನಲ್ ಇದ್ದದ್ದು ಇಪ್ಪತ್ತೆರಡನೆಯ ದಿನ.

ಮೊದಲ ಕಟ್ಟಿನ ದಿನ ಆದೆಪ್ಪನ ತಾಯಿ ಅಮರಮ್ಮ ಪಾಮನಕಲ್ಲೂರಿನಿಂದ ಬಂದಿದ್ದಳು. ಗಂಡ ಇಲ್ಲ, ನಾಲ್ಕು ಎಕರೆ ಬೆದ್ದಲು ಹೊಲ, ಮುಂಗಾರಿಗೆ ಕೂರಿಗೆ ಹಿಡಿಯುವವನು ಇವನೊಬ್ಬನೇ ಎಂದು ಗದ್ದೆಮ್ಮನಿಗೆ ಹೇಳಿದಳು. ಅಳಲಿಲ್ಲ. ಗದ್ದೆಮ್ಮ ಅವಳ ಬೆನ್ನು ಸವರಿ, ಮೊದಲಿನ ಕೈಯೇ ಕೊಡುತ್ತೇನೆ ಎಂದು ಮಾತು ಕೊಟ್ಟಳು. ಮಗ ಮಸ್ಕಿಯ ಸೋದರಮಾವನ ಮನೆಯಲ್ಲಿ ಉಳಿದ.

ಆ ಹದಿನೆಂಟು ದಿನ ಗದ್ದೆಮ್ಮ ಪಟ್ಟ ಪಾಡು ಹೇಳತೀರದು. ಕೋಳಿಗೆ ಕಾಳು ಹಾಕುತ್ತ ಹಾಕುತ್ತ ಎದ್ದು ಹೋಗಿ ಆದೆಪ್ಪನ ಬೆರಳು ಮುಟ್ಟಿ ನೋಡಿ ಬರುತ್ತಿದ್ದಳು. ಶಾಲೆಯ ಕಿಟಕಿಗೆ ಬಂದು, ಮಗ್ಗಿ ಹೇಳಿಸುತ್ತಿದ್ದ ನನ್ನನ್ನು ಕರೆದು, ಲಿಂಗಸುಗೂರಿನವರು ಫೈನಲ್ ಒಂದು ವಾರ ಮುಂದೆ ಹಾಕುವುದಿಲ್ಲವೇ ಎಂದು ಕೇಳಿದಳು. ನಾನೇ ಕಾಗದ ಬರೆದೆ. ಅವರು ಒಪ್ಪಲಿಲ್ಲ. ಯಾಕೆ ಒಪ್ಪುತ್ತಾರೆ? ಆದೆಪ್ಪ ಇಲ್ಲದಿದ್ದರೆ ಒಳಗಿಳಿಯುವವನು ಯಾರೆಂದು ಅವರಿಗೂ ಗೊತ್ತಿತ್ತು. ಆ ಉತ್ತರ ಬಂದ ದಿನದಿಂದ ನನಗೂ ನಿದ್ದೆ ಸರಿಯಾಗಿ ಬರಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ಎರಡನೆಯ ಕಟ್ಟು ಬಿಚ್ಚುವುದಿತ್ತು. ಮೂರನೆಯದಕ್ಕೆ ಹಿಟ್ಟು ಕಲಸಿ ಬಟ್ಟಲಲ್ಲಿಟ್ಟಿದ್ದಳು, ಬಟ್ಟೆ ಹರಿದಿಟ್ಟಿದ್ದಳು. ದೊಡ್ಡಬಸಪ್ಪ, ಅಲ್ಲಾಭಕ್ಷ್, ನಾನು ಕಟ್ಟೆಯ ಮೇಲೆ ಕೂತಿದ್ದೆವು. ಬಾವು ಇಳಿದಿತ್ತು, ಕೈ ನೇರವಾಗಿ ಕಾಣುತ್ತಿತ್ತು. ಗದ್ದೆಮ್ಮ ಹೆಬ್ಬೆರಳಿನಿಂದ ಎಲುಬಿನುದ್ದಕ್ಕೂ ಒತ್ತಿ ನೋಡಿದಳು. ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಮತ್ತೆ ಕೂತು ಒತ್ತಿದಳು. ಮತ್ತೆ ಎದ್ದಳು. ಆಡಿಸು ಎಂದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಮೂರು ಜನ ಹೀಗೆ ಬಾಯಿ ಮುಚ್ಚಿ ಕೂತಿದ್ದರೆ ಕೇಳಿದಂತೆಯೇ ಅಲ್ಲವೇ?

"ಲೇ ಮಾಸ್ತರ, ಚರಿಗಿ ತುಂಬ್ಕೊಂಡು ಬಾ," ಅಂದಳು.

ನಾನು ಒಳಗೆ ಹೋದೆ. ಹರವಿಯಿಂದ ನೀರು ಹಾಕಿದೆ. ಕಂಠಕ್ಕೆ ಇನ್ನೂ ಮೂರು ಬೆರಳು ಇರುವಾಗ ನನ್ನ ಕೈ ನಿಂತಿತು. ತುಂಬಿದ ಚರಿಗೆಯನ್ನು ಅವನು ಎತ್ತಲಾರದೆ ಹೋದರೆ ನಾಲ್ಕು ದಿನಕ್ಕೆ ಲಿಂಗಸುಗೂರಿನ ಮೈದಾನದಲ್ಲಿ ನಾನು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಊರ ಮಾನ, ಢಾಲು, ಯಾವುದೂ ಅಲ್ಲ. ಹಾಗೇ ತಂದುಕೊಟ್ಟೆ.

ಗದ್ದೆಮ್ಮ ಚರಿಗೆಯೊಳಗೆ ನೋಡಿದಳು. ನನ್ನನ್ನು ನೋಡಿದಳು. ಬೈಯುತ್ತಾಳೆ, ವಾಪಸು ಅಟ್ಟುತ್ತಾಳೆ ಎಂದು ಕಾದೆ. ಅವಳು ಅದನ್ನು ಆದೆಪ್ಪನ ಕೈಗೆ ಕೊಟ್ಟುಬಿಟ್ಟಳು. ಅವನು ಎತ್ತಿ ಹಿಡಿದ. ತುಟಿ ಬಿಗಿದಿತ್ತು, ಹಣೆಯಲ್ಲಿ ಬೆವರಿತ್ತು. ಅವಳು ನೀರನ್ನೇ ನೋಡುತ್ತ ಎಣಿಸಿದಳು, ನನ್ನ ಶಾಲೆಯ ಹುಡುಗರು ಮನೆಗೆ ಓಡುವ ಅವಸರದಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ನೀರು ತುಳುಕಲಿಲ್ಲ. ಎಷ್ಟೆಂದರೂ ಕೊರತೆಯ ಚರಿಗೆ.

ಆತು ಅಂದಳು. ಕಲಸಿಟ್ಟ ಹಿಟ್ಟು ಬಟ್ಟಲಲ್ಲೇ ಒಣಗಿತು.

ಫೈನಲ್‌ಗೆ ಎರಡು ಲಾರಿ ತುಂಬ ಜನ ಹೋದೆವು. ಗದ್ದೆಮ್ಮ ಮೊದಲ ಲಾರಿಯಲ್ಲಿ, ನಿಂತುಕೊಂಡೇ. ಆಟ ಕೊನೆಯ ತನಕ ಸರಿಸಮ ನಡೆಯಿತು. ಇನ್ನೇನು ಮುಗಿಯಬೇಕು, ಆದೆಪ್ಪ ದಮ್ಮು ಹಿಡಿದು ಹೋದ. ಒಬ್ಬನನ್ನು ಮುಟ್ಟಿದ, ತಿರುಗಿದ, ನಡುಗೆರೆಗೆ ಒಂದು ಮಾರು ಇರುವಾಗ ಅವರು ಕಾಲು ಹಿಡಿದು ಕೆಡವಿದರು. ಅವನು ಬಲಗೈ ಊರಿ ಮೈಯನ್ನು ಮುಂದಕ್ಕೆ ಎಳೆದುಕೊಂಡ. ಇನ್ನೂ ಒಮ್ಮೆ ಊರಿದ. ಎಡಗೈ ಗೆರೆ ಮುಟ್ಟಿತು. ಸೀಟಿ ಮೊಳಗಿತು.

ಗೆದ್ದೆವು. ಜನ ಮೈದಾನದೊಳಗೆ ನುಗ್ಗಿದರು, ರುಮಾಲು ಹಾರಿಸಿದರು, ನಾನೂ ಕುಣಿದೆ. ಗದ್ದೆಮ್ಮ ಮಾತ್ರ ಸೀಟಿಗೆ ಮುಂಚೆಯೇ ಓಡಲು ಶುರು ಮಾಡಿದ್ದಳು. ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಹೋಗಿ ಅವನ ಪಕ್ಕ ಕುಸಿದು ಕೂತಳು. ಹಳೆಯ ಮುರಿತವೇ ಮತ್ತೆ ಮುರಿದು, ಈ ಸಲ ಎಲುಬು ತಿರುಚಿಕೊಂಡಿತ್ತು.

ಅಲ್ಲೇ ಕಟ್ಟಿದಳು. ಈ ಸಲ ಇಪ್ಪತ್ತೇಳಲ್ಲ, ನಲವತ್ತೈದು ದಿನ ಬಿಟ್ಟಳು. ಐದನೆಯ ಕಟ್ಟು ಬಿಚ್ಚುವ ದಿನ ಅಮರಮ್ಮನೂ ಬಂದಿದ್ದಳು. ಎಲುಬು ಕೂಡಿತ್ತು. ಆದರೆ ಅಂಗೈ ಮೇಲಕ್ಕೆ ತಿರುಗಲಿಲ್ಲ. ಗದ್ದೆಮ್ಮ ಎಣ್ಣೆ ಹಚ್ಚಿ ತೀಡಿದಳು, ಬಿಸಿನೀರು ಹಾಕಿದಳು, ಮತ್ತೆ ತೀಡಿದಳು. ತಿರುಗಲಿಲ್ಲ. ಮಧ್ಯಾಹ್ನ ಅಮರಮ್ಮ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಮಗನ ಬಲಗೈಗೆ ಇಟ್ಟಳು. ಬಾಯಿಗೆ ಒಯ್ಯಲು ನೋಡಿದ, ಕೈ ಮಣಿಯಲಿಲ್ಲ, ತುತ್ತು ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿ ಬದಿಗಿಟ್ಟು, ಇನ್ನೊಂದು ತುತ್ತು ಮುರಿದು ತಾನೇ ಅವನ ಬಾಯಿಗಿಟ್ಟಳು.

ಗದ್ದೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಷ್ಟು ಹೊತ್ತು ಅವಳು ಅಲುಗಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವತ್ತ ಚರಿಗಿ ಎತ್ತಿದಾಗ ನೋಯ್ತಿತ್ತೇನಪ್ಪ?"

"ನೋಯ್ತಿತ್ತು, ದೊಡ್ಡವ್ವ."

"ಮತ್ತ ಯಾಕ ಹೇಳಲಿಲ್ಲ?"

ಆದೆಪ್ಪನಿಗೆ ಯಾರ ಮೇಲೂ ಸಿಟ್ಟು ಇದ್ದಂತಿರಲಿಲ್ಲ. "ಚರಿಗಿ ತುಂಬಿಲ್ಲ ಅಂತ ನೀನೂ ಹೇಳಲಿಲ್ಲಲ್ಲ," ಅಂದ. "ಆಡ್ಬೇಕು ಅಂತ ನನಗೂ ಇತ್ತು."

ಅಮರಮ್ಮ ಬುತ್ತಿಯ ಬಟ್ಟೆ ಗಂಟು ಕಟ್ಟಿದಳು. "ಗೆದ್ದೀರಲ್ಲ, ಬಿಡ್ರವ್ವ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮಗನನ್ನು ಕರೆದುಕೊಂಡು ಹೊರಟಳು. ನಾನು ಅಲ್ಲೇ ಇದ್ದೆ, ನೀರು ಹಾಕಿದವನು ನಾನು, ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಆ ಮುಂಗಾರಿಗೆ ಅವರ ಹೊಲದಲ್ಲಿ ಕೂರಿಗೆ ಹಿಡಿದದ್ದು ಸೋದರಮಾವ.

ಢಾಲನ್ನು ನನ್ನ ತರಗತಿಯ ಗೋಡೆಗೇ ತೂಗುಹಾಕಿದರು. ಹಂಗಾಮು ತಿರುಗಿ ಬಂದಾಗ ಗದ್ದೆಮ್ಮ ಇನ್ನು ಮೈದಾನದ ಕಡೆ ಸುಳಿಯುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಅದೇ ಓಡಾಟ, ಬಾಯಲ್ಲಿ ಅದೇ ಸೆರಗು. ಆಸೆ ಅಷ್ಟು ಸುಲಭಕ್ಕೆ ಮೈ ಬಿಡುವುದಿಲ್ಲ. ಫೈನಲ್‌ಗೆ ಎರಡು ದಿನ ಇರುವಾಗ ಅಲ್ಲಾಭಕ್ಷ್ ಅವಳ ಕಟ್ಟೆಗೆ ಬಂದ. ನಾನೂ ಅಲ್ಲೇ ಕೂತಿದ್ದೆ. ಅವನ ಮೊಣಕಾಲು ಬಾತಿತ್ತು. ಏನಿಲ್ಲ, ಸ್ವಲ್ಪ ತೀಡಿಬಿಡು ಸಾಕು, ನೋವೇ ಇಲ್ಲ ಎಂದು ನಗುತ್ತ ಹೇಳಿದ.

ಗದ್ದೆಮ್ಮ ಮೊಣಕಾಲು ಮುಟ್ಟಲಿಲ್ಲ. ಎದ್ದು ಅಂಗಳದಲ್ಲಿ ಒಂದು ಸುತ್ತು ಹೋಗಿ ಬಂದು ಅವನ ಎದುರು ನಿಂತಳು.

"ನೋಯ್ತೈತಿ ಅನ್ನಪ್ಪ," ಅಂದಳು. "ನೀ ಅನ್ನದಿದ್ರ ನಾ ನಿನ್ನ ಆಡಾಕ ಬಿಟ್ಟುಬಿಡ್ತೀನಿ."

ಅಲ್ಲಾಭಕ್ಷ್‌ನ ನಗು ನಿಂತಿತು. ತಲೆ ತಗ್ಗಿಸಿ, ನೋಯುತ್ತದೆ ಎಂದ. ಅವಳು ಕಟ್ಟು ಹಾಕಿದಳು. ಈ ಸಲವೂ ಯಾದಿಯ ಕೊನೆಯ ಹೆಸರು ನನ್ನದೇ. ನಾನು ಶಾಲೆಗೆ ಹೋಗಿ, ಅಲ್ಲಿಟ್ಟಿದ್ದ ಆಟದ ಚಡ್ಡಿ ಒಗೆಯಲು ನೆನೆಹಾಕಿದೆ.