ಕಣ್ಣಿಗೊತ್ತಿಕೊಂಡ ಬಿಲ್ಲೆ

ಪಿಲ್ಲಗುಂಪೆಯ ಆ ಕಾರ್ಖಾನೆಯಲ್ಲಿ, ಸೊಂಟದ ಕೀಲಿಗೆ ಕೂರಿಸುವ ಲೋಹದ ಕಡ್ಡಿಗಳಿಗೆ ಮೂಳೆ ಹಿಡಿದುಕೊಳ್ಳಲೆಂದು ಒರಟು ಲೇಪನ ಕೊಡುತ್ತಾರೆ. ದಿನವೂ ಮೊದಲು ಅದೇ ಲೋಹದ ಒಂದು ಬಿಲ್ಲೆಗೆ ಲೇಪಿಸಿ, ಲೇಪನ ಕಿತ್ತು ಬರುತ್ತದೆಯೇ ಎಂದು ಯಂತ್ರದಲ್ಲಿ ಎಳೆದು ಪರೀಕ್ಷಿಸುತ್ತಾರೆ. ಈ ಕೆಲಸಕ್ಕೆ ನಂಜುಂಡಪ್ಪ ಹೊಸಬರು. ಅವರು ಬಂದ ಎರಡು ದಿನವೂ ಬಿಲ್ಲೆಯ ಲೇಪನ ಸಿಪ್ಪೆಯಂತೆ ಕಿತ್ತು ಬಂದಿತ್ತು. ಕಾರಣ ಸಿಗದಿದ್ದರೆ ಆ ಎರಡು ದಿನದ ಕಡ್ಡಿಗಳೆಲ್ಲ ಗುಜರಿಗೆ, ನಂಜುಂಡಪ್ಪ ಮನೆಗೆ. ಹುಡುಕಲು ನನ್ನನ್ನು ಕರೆಸಿದ್ದರು.

ಬೆಳಿಗ್ಗೆ ಅವರ ಪಕ್ಕದಲ್ಲೇ ನಿಂತೆ. ಲೇಪನಕ್ಕೆಂದು ತೊಳೆದಿಟ್ಟ ಬಿಲ್ಲೆ ಎತ್ತಿಕೊಂಡವರು ಗ್ಲೌಸ್ ಬಿಚ್ಚಿ, ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮತ್ತೆ ಗ್ಲೌಸ್ ಹಾಕಿಕೊಂಡರು.

“ಇದೇನ್ರೀ ಇದು?”

“ದಿನದ ಮೊದಲ್ನೇ ಪೀಸು ಮೇಡಂ. ಯಾರ್ದೋ ಮೈಯೊಳಗೆ ಹೋಗೋ ಕೆಲ್ಸ, ನಮಸ್ಕಾರ ಮಾಡ್ದೆ ಶುರು ಮಾಡೋಕಾಗುತ್ತಾ?”

“ಸರಿ, ಗ್ಲೌಸ್ ಯಾಕೆ ತೆಗೆದ್ರಿ?”

“ಗ್ಲೌಸ್ ಹಾಕ್ಕೊಂಡು ಯಾರಾದ್ರೂ ಕೈಮುಗೀತಾರಾ?”

ಬೆರಳಿನ ಎಣ್ಣೆ, ಮುಖದ ಬೆವರು ತಾಗಿದ ಲೋಹದ ಮೇಲೆ ಲೇಪನ ನಿಲ್ಲುವುದಿಲ್ಲ. ಮಿಕ್ಕ ಕಡ್ಡಿಗಳನ್ನು ಅವರು ಬರಿಗೈಯಲ್ಲಿ ಮುಟ್ಟೇ ಇರಲಿಲ್ಲ. ಆ ಎರಡು ದಿನದವುಗಳಲ್ಲಿ ಒಂದೊಂದನ್ನು ಕತ್ತರಿಸಿ ಎಳೆಸಿದೆ. ಲೇಪನ ಜಪ್ಪಯ್ಯ ಅನ್ನಲಿಲ್ಲ. ನಂಜುಂಡಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಇನ್ನು ಮೇಲೆ ನಮಸ್ಕಾರ ಲೇಪನದ ಯಂತ್ರದ ಬಾಗಿಲಿಗೆ ಮಾಡಿ ಎಂದೆ.

ವರದಿಯ ‘ಕಾರಣ’ ಎಂಬ ಕಾಲಂ ಮುಂದೆ ಬಹಳ ಹೊತ್ತು ಕೂತೆ. ಎಷ್ಟೋ ದೇಶಗಳಲ್ಲಿ ಅದನ್ನು ತುಂಬಿದ್ದೇನೆ, ಎಲ್ಲೂ ‘ಭಕ್ತಿ’ ಎಂದು ಬರೆದಿರಲಿಲ್ಲ. ಕೊನೆಗೆ ‘ಬೆರಳಿನ ಜಿಡ್ಡು’ ಎಂದು ಬರೆದೆ. ಆಮೇಲೆ ಎಂದಿನಂತೆ ಪೆನ್ನನ್ನು ಕಣ್ಣಿಗೊತ್ತಿಕೊಂಡು ಸಹಿ ಹಾಕಿದೆ.