ಅತ್ತೆಯ ಟೊಂಕ, ನನ್ನ ಕಲ್ಲಿನ ಬಾನಿ

ಹಳೆಯ ವಾಷಿಂಗ್ ಮಷೀನಿನ ಪ್ಲಾಸ್ಟಿಕ್ ತೊಟ್ಟಿ ಸೀಳಿತೆಂದು ಮಗ ಸೊಸೆ ಹೊಸದು ತರಲು ಗದಗಿಗೆ ಹೊರಟಾಗ ನಾನೂ ಜೊತೆಗೆ ಹೊರಟೆ. ಅಂಗಡಿಯವನು ಮುಚ್ಚಳ ಎತ್ತಿ, "ಒಳಗ ಪೂರಾ ಸ್ಟೀಲ್ ಐತ್ರಿ ಅಮ್ಮಾರ. ತುಕ್ಕು ಹಿಡಿಯಂಗಿಲ್ಲ, ಕಪ್ಪಾಗಂಗಿಲ್ಲ" ಎಂದ. ನಾನು ಒಳಗೆ ಕೈಯಾಡಿಸಿ, "ಸವಳು ಹಾಕಿದರ?" ಎಂದೆ. ಪಾಪ, ಹೊಲದ ಬದುವಿನಿಂದ ಕೆರೆದು ತಂದು ಬಟ್ಟೆಗೆ ಹಾಕುತ್ತಿದ್ದ ಆ ಉಪ್ಪುಮಣ್ಣನ್ನು ಅವನೆಲ್ಲಿ ಕಂಡಾನು! ಸೊಸೆ ಮುಸಿಮುಸಿ ನಕ್ಕಳು. ನಗಲಿ ಬಿಡಿ. ಕಪ್ಪಾದ ಒಂದು ಬೋಗಾಣಿಯಿಂದ ನನ್ನ ಸಂಸಾರವೇ ಮುರಿಯುವುದಿತ್ತು.

ನನ್ನ ತವರು ಲಕ್ಷ್ಮೇಶ್ವರ. ಸ್ವಾತಂತ್ರ್ಯ ಬಂದು, ಸಂಸ್ಥಾನದ ಊರಿನವರೆಂಬ ನಮ್ಮ ಬಿಂಕ ಇಳಿದ ಮೇಲೆ ನನ್ನನ್ನು ಬೆಟಗೇರಿಯ ಹತ್ತಿ ವ್ಯಾಪಾರದ ಮನೆಗೆ ಕೊಟ್ಟರು. ಚಿಕ್ಕಂದಿನಲ್ಲಿ ಬಾವಿಕಟ್ಟೆಯಿಂದ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿದಿತ್ತು. ಕೂಡಿಕೊಂಡಿತ್ತು, ಆದರೆ ಸೊಟ್ಟಗೆ. ರೊಟ್ಟಿ ಬಡಿಯುತ್ತಿದ್ದೆ, ಕಸ ಹೊಡೆಯುತ್ತಿದ್ದೆ. ಒದ್ದೆ ಬಟ್ಟೆ ಎತ್ತಿ ಕಲ್ಲಿಗೆ ಒಗೆಯಲು ಮಾತ್ರ ಆಗುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರಿಗೆ ಅಪ್ಪ ಈ ಮಾತು ಹೇಳಲೇ ಇಲ್ಲ. ಐಬು ಮುಚ್ಚಿಟ್ಟು ಕೊಟ್ಟರೆಂದು ನಮ್ಮ ಓಣಿಯ ಹುಡುಗಿಯೊಬ್ಬಳನ್ನು ಗಂಡನ ಮನೆಯವರು ವಾಪಸು ತಂದು ಬಿಟ್ಟುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನನಗೂ ಅದೇ ಗತಿಯೇನೋ ಎಂಬ ಭಯ ಹೊತ್ತುಕೊಂಡೇ ಬೆಟಗೇರಿಯ ಹೊಸ್ತಿಲು ದಾಟಿದೆ.

ಅಪ್ಪ ಒಂದು ಉಪಾಯ ಮಾಡಿದ್ದ. ಎರಡು ಕೈ ಚಾಚಿದರೂ ತಬ್ಬಲಾಗದಷ್ಟು ದೊಡ್ಡ ಜರ್ಮನ್ ಬೋಗಾಣಿ ಕೊಡಿಸಿದ್ದ. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಎಂದೇ ಹೆಸರು. "ಇದರಾಗ ಸಾಬೂನು ಹಾಕಿ ಕುದಸವ್ವಾ, ಎಡಗೈಲೆ ತಿಕ್ಕು. ಕಲ್ಲಿನ ಕಡೆ ಹೋಗಬ್ಯಾಡ" ಎಂದಿದ್ದ. ಬೆಟಗೇರಿಯ ಮನೆಯಲ್ಲಾದರೋ ಬಟ್ಟೆ ನೆನೆಸಲು ಅಗಲ ಬಾಯಿಯ ಮಣ್ಣಿನ ಹರವಿ, ಒಗೆಯಲು ಹಿತ್ತಲ ಕಲ್ಲು. ನನ್ನ ಬೆಳ್ಳಗಿನ ಬೋಗಾಣಿ ನೋಡಲು ಓಣಿಯ ಹೆಂಗಸರೆಲ್ಲ ಬಂದು ಹೋದರು. ಅತ್ತೆಯ ದನಿ ಮೂರು ಮನೆಯಾಚೆಗೆ ಕೇಳುವಂಥದ್ದು. "ನಮ್ಮ ಸೊಸಿ ಸಾಹೇಬರ ಮನ್ಯಾಗಿನಂಗ ಅರಿವಿ ಕುದಸತಾಳ ನೋಡ್ರವ್ವಾ!" ಎಂದು ಎಲ್ಲರ ಮುಂದೆ ಚೇಷ್ಟೆ ಮಾಡುತ್ತಿದ್ದರು. ನಾನು ತಲೆ ಬಗ್ಗಿಸಿ ಎಡಗೈಯಲ್ಲಿ ತಿಕ್ಕುತ್ತಿದ್ದೆ.

ಕನ್ನಡ ನಾಡು ಒಂದಾಗುವ ಹಿಂದಿನ ದಿನ. ಮಾವನವರು, ನನ್ನ ಗಂಡ, ಮೈದುನ ಮೂವರೂ ಮರುದಿನ ಮೆರವಣಿಗೆಗೆ ಹೋಗುವವರು. ಧೋತರ, ಅಂಗಿ, ಪಟಕ ಎಲ್ಲವೂ ಬಿಳಿ. ಹಾಲಿನಂತೆ ಒಗೆದು ಶಾಬಾಸ್ ಅನ್ನಿಸಿಕೊಳ್ಳಬೇಕೆಂದು ನನಗೆ ಹುರುಪು ಬಂತು. ಬರೀ ಸಾಬೂನು ಸಾಲದೆಂದು, ಆ ಮನೆಯ ಪದ್ಧತಿಯಂತೆ ಸವಳನ್ನೂ ಬೋಗಾಣಿಗೆ ಸುರಿದು ಉರಿ ಹಾಕಿದೆ. ಜರ್ಮನ್ನಿಗೂ ಸವಳಿಗೂ ಹಾವು ಮುಂಗುಸಿಯ ವೈರವೆಂದು ಯಾರಿಗೆ ಗೊತ್ತಿತ್ತು! ನೀರು ಬುಸುಬುಸು ನೊರೆಯೆದ್ದು ಕಂದಿತು. ಬೋಗಾಣಿಯ ಒಳಮೈ ಕಾವಲಿಯಷ್ಟು ಕಪ್ಪಾಯಿತು. ಬಟ್ಟೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು.

"ಅಯ್ಯ ನನ ಶಿವನ, ಇದೇನ ಮಾಡಿದಿ!" ಎಂದು ಅತ್ತೆ ಓಡಿ ಬಂದರು. "ಜಲ್ದಿ ಕಲ್ಲಿಗೆ ಒಯ್ದು ಒಗಿ. ಬಿಟ್ಟರ ಬಿಟ್ಟೀತು."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮಾವನವರ ಧೋತರ ಎತ್ತಿದೆ. ಮಣಿಕಟ್ಟು ಕಳಚಿದಂತಾಗಿ ಧೋತರ ಕೆಸರಿಗೆ ಬಿತ್ತು. ಎಡಗೈಯಲ್ಲಿ ಎತ್ತಿ ಬೀಸಿದೆ. ಅದು ಕಲ್ಲಿಗೆ ಬೀಳದೆ ನನ್ನ ಮೊಣಕಾಲಿಗೇ ಬಡಿಯಿತು. ಅತ್ತೆ ನೋಡುತ್ತ ನಿಂತಿದ್ದರು. ಮುಗಿಯಿತು, ನಾಳೆಯೇ ಲಕ್ಷ್ಮೇಶ್ವರದ ಬಸ್ಸು ಎಂದುಕೊಂಡೆ. "ಸರಿ ಅತ್ತ" ಎಂದು ನನ್ನನ್ನು ನೂಕಿ ಅವರೇ ಒಗೆಯತೊಡಗಿದರು. ತುಸು ಹೊತ್ತಿಗೆ "ಅಯ್ಯವ್ವಾ, ಟೊಂಕ!" ಎಂದು ಸೊಂಟ ಹಿಡಿದು ಅಲ್ಲೇ ಕುಸಿದು ಕೂತರು. ಗಡಿಬಿಡಿಯಲ್ಲಿ ನನ್ನ ಕೈಯ ಮಾತೇ ಬರಲಿಲ್ಲ. ಅತ್ತೆಯ ಟೊಂಕ ಹಿಡಿದದ್ದು ನನ್ನ ಪುಣ್ಯ ಎಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಸಂಕಟವೂ ಆಯಿತು.

ಮುಂಜಾನೆ ಮಾವನವರು ಗುಡುಗಿದರು. "ಇವನ್ನ ಒಗದಾವರು ಯಾರು?"

"ನಾನ. ಸವಳು ಜಾಸ್ತಿ ಬಿತ್ತು" ಎಂದರು ಅತ್ತೆ. "ಸುಮ್ನ ಹಾಕ್ಕೊಂಡು ಹೋಗ್ರಿ. ನಾಡು ಒಂದಾಗೂದು ನಿಮ್ಮ ಧೋತರ ನೋಡಿ ಅಲ್ಲ."

ಮೂವರೂ ಬೂದಿ ಬಣ್ಣದಲ್ಲೇ ಮೆರವಣಿಗೆಗೆ ಹೋದರು. ಮುಂದೆ ಕೆಲವು ದಿನಕ್ಕೆ ನಾಗಾವಿ ಕಡೆಯಿಂದ ಚಕ್ಕಡಿಯಲ್ಲಿ ಒಂದು ಕಲ್ಲಿನ ಬಾನಿ ಬಂತು. ದನಕ್ಕೆ ನೀರು ಕುಡಿಸುವಂಥದ್ದೇ, ಆದರೆ ಇನ್ನೂ ಅಗಲ. ಬುಡದಲ್ಲಿ ಕೊಳೆನೀರು ಬಿಡಲು ತೂತು, ಒಳಗೆಲ್ಲ ಉಳಿಯಿಂದ ಹೊಡೆದ ಉಬ್ಬುಗೆರೆಗಳು. "ನನ್ನ ಟೊಂಕಕ್ಕ ಒಗಿಯೂದು ಇನ್ನ ನೀಗಂಗಿಲ್ಲ. ಕೌದಿ ತುಳದಂಗ ಎಲ್ಲಾ ಅರಿವೀನೂ ಇದರಾಗ ತುಳಿಯೂದು. ನಾ ಒಂದು ದಿನ, ನೀ ಒಂದು ದಿನ" ಎಂದು ಅತ್ತೆ ಮನೆಗೆಲ್ಲ ಕೇಳುವಂತೆ ಸಾರಿದರು. ಹಿತ್ತಲ ಕಲ್ಲಿನ ಮೇಲೆ ಆಮೇಲೆ ಬೆಕ್ಕು ಮಲಗತೊಡಗಿತು. ನಾನು ದಿನಾ ಸಂಜೆ ಅವರ ಟೊಂಕಕ್ಕೆ ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಬಲಗೈ ಹಾಕಿದರೆ, "ಎಡಗೈಲೆ ತಿಕ್ಕ, ನಿನ್ನ ಎಡಗೈ ಚಲೋ ಐತಿ" ಎನ್ನುತ್ತಿದ್ದರು.

ವರ್ಷಗಳು ಕಳೆದು ಊರಲ್ಲೆಲ್ಲ ತಗಡಿನ ಟಬ್ಬುಗಳು ಬಂದವು. ಹಗುರ, ಎತ್ತಿ ಎಲ್ಲಿ ಬೇಕಾದರಲ್ಲಿ ಇಡಬಹುದು. ಮೈದುನ ಒಂದು ತಂದು, ಬಾನಿಯತ್ತ ಕೈ ತೋರಿಸಿ, "ಈ ಬಂಡೆಗಲ್ಲು ಇನ್ನ ತಗಿಯೂಣು" ಎಂದ. ತಗಡಿನಲ್ಲಿ ನಿಂತು ತುಳಿದರೆ ಅದು ನೆಗ್ಗುತ್ತದೆ, ಮತ್ತೆ ಕಲ್ಲಿಗೇ ಹೋಗಬೇಕಾಗುತ್ತದೆ. "ನನ್ನ ಟೊಂಕ?" ಎಂದರು ಅತ್ತೆ. "ಟೊಂಕ ಡಾಕ್ಟರಿಗೆ ತೋರಸೂಣು ಬಾ ಯವ್ವಾ" ಎಂದು ಅವನು ಹಟ ಹಿಡಿದ. ಗದಗಿನ ದವಾಖಾನೆಗೆ ನಾನೇ ಅವರ ಜೊತೆ ಹೋದೆ.

ಡಾಕ್ಟರು ಒತ್ತಿ ನೋಡಿದರು, ಬಗ್ಗಿಸಿ ನೋಡಿದರು. "ನಿಮ್ಮ ಟೊಂಕಕ್ಕ ಏನೂ ಆಗಿಲ್ಲರಿ. ಗಟ್ಟಿಮುಟ್ಟ ಐತಿ" ಎಂದು ನಕ್ಕರು. ಅತ್ತೆ ಗೋಡೆ ನೋಡುತ್ತ ಕೂತರು.

ಹೊರಗೆ ಬೇವಿನ ಗಿಡದ ಕೆಳಗೆ ನಾನು ಅವರನ್ನು ನಿಲ್ಲಿಸಿದೆ. "ಟೊಂಕ ಯಾವತ್ತೂ ನೋಯಲೇ ಇಲ್ಲೇನ್ರಿ ಅತ್ತಿ?"

ಅವರು ನನ್ನ ಬಲಗೈ ಹಿಡಿದು, ಸೊಟ್ಟಗೆ ಕೂಡಿದ ಎಲುಬಿನ ಮೇಲೆ ಹೆಬ್ಬೆರಳು ಆಡಿಸಿದರು. "ಅವತ್ತ ಕಲ್ಲಿನ ಮುಂದ ನನಗೇನು ಕಣ್ಣಿದ್ದಿಲ್ಲೇನ ತಂಗಿ? ಮನ್ಯಾಗಿನ ಗಂಡಸರ ಕಿವಿಗೆ ಬಿದ್ದಿದ್ದರ ನಿಮ್ಮಪ್ಪಗ ಏನೇನ ಅಂತಿದ್ರೋ."

"ಮತ್ತ ಇಷ್ಟ ವರ್ಷ ಎಣ್ಣಿ ತಿಕ್ಕಿಸಿಕೊಂಡ್ರಿ?"

"ಹಿತ ಆಗತಿತ್ತು. ಬ್ಯಾಡ ಅನಬೇಕಿತ್ತೇನು?"

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಹಡೆದ ಅಪ್ಪ ಮುಚ್ಚಿಟ್ಟು ಕಳಿಸಿದ್ದನ್ನು ಈಕೆ ಹೊದ್ದುಕೊಂಡು ಬದುಕಿದ್ದಳು. ಮನೆ ಮುಟ್ಟಿದಾಗ ಮೈದುನ ಕಟ್ಟೆಯ ಮೇಲೆಯೇ ಕೂತಿದ್ದ. "ಏನಂದ್ರು ಡಾಕ್ಟರು?"

ಅತ್ತೆ ಮೆಟ್ಟಿಲ ಮೇಲೆ ನಿಂತು, ಎರಡೂ ಕೈಯಿಂದ ಟೊಂಕ ಹಿಡಿದು, ದೊಡ್ಡದಾಗಿ ನರಳಿದರು. "ಭಾಳ ಕೆಟ್ಟೈತಂತಪ್ಪಾ. ಸಾಯೂತನಕ ಬಾನಿ ತಗೀಬ್ಯಾಡ್ರಿ ಅಂದಾರ."

ನಾನು ಎಣ್ಣೆ ಬಿಸಿ ಮಾಡಲು ಒಳಗೆ ಹೋದೆ.