ಗಂಡುನರಿ ಮರಿ ಸಾಕುತ್ತದೆಯೇ ಎಂಬ ನಮ್ಮ ಮನೆಯ ವ್ಯಾಜ್ಯ

ನಮ್ಮ ಮನೆಯ ಗಂಡಸರು ಕೂಸನ್ನು ಎತ್ತಿಕೊಳ್ಳುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಎತ್ತಿಕೊಳ್ಳುತ್ತಾರೆ. ಅಣ್ಣನ ಕೂಸು, ಅಕ್ಕನ ಕೂಸು, ಓಣಿಯ ಕೂಸು, ಬಸ್ಸಿನಲ್ಲಿ ಪಕ್ಕದ ಸೀಟಿನವರ ಕೂಸು, ಯಾವುದಾದರೂ ಸೈ. ತಮ್ಮದೇ ಕೂಸನ್ನು ಮಾತ್ರ, ತಮ್ಮ ಅಪ್ಪ ಎದುರಿಗೆ ಕುಳಿತಿರುವಾಗ, ಮುಟ್ಟುವುದಿಲ್ಲ. ಅದು ಹಿರಿಯರಿಗೆ ಕೊಡುವ ಮರ್ಯಾದೆ. ಕೂಸು ಹುಟ್ಟಿದ್ದು ಹಿರಿಯರಿಗೆ ಗೊತ್ತು, ತೊಟ್ಟಿಲಿಗೆ ಹಾಕುವ ದಿನ ಊರಿಗೆಲ್ಲ ಊಟ ಹಾಕಿಸಿದವರೂ ಅವರೇ. ಆದರೂ ಆ ಕೂಸಿಗೂ ತನಗೂ ಏನೋ ಸಂಬಂಧವಿದೆ ಎಂದು ಮಗನಾದವನು ಅಪ್ಪನೆದುರು ತೋರಿಸಿಕೊಳ್ಳಬಾರದು.

ನನ್ನ ಮಾವ ಕುರಿಯ ಹಿಂಡನ್ನು ಹಿರಿಯ ಮಗನಿಗೆ ಒಪ್ಪಿಸಿ ಮನೆಗೆ ಬಂದು ಕುಳಿತವರು. ಕುಳಿತರು ಎಂದರೆ ಪಡಸಾಲೆಯ ನಟ್ಟನಡುವೆ, ಕಂಬಳಿ ಹಾಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ. ಕಮತಗಿಯ ಅಂಚಿನಲ್ಲಿರುವ ನಮ್ಮ ಮನೆಗೆ ಇರುವುದು ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಕೋಣೆ. ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಮಾವನ ಕಣ್ಣ ಮುಂದೆಯೇ ಹೋಗಬೇಕು. ಹೀಗಾಗಿ ನನ್ನ ಗಂಡ ಕೋಣೆಯೊಳಗೆ ಬಾಗಿಲು ಮುಂದೆ ಮಾಡಿಕೊಂಡು ಮಗಳ ಪಾದಕ್ಕೆ ಮುತ್ತಿಟ್ಟು, ಹೊಟ್ಟೆಗೆ ಬಾಯಿ ಹಚ್ಚಿ ಬುರ್ ಎನಿಸಿ ನಗಿಸಿ, ಹೊರಗೆ ಬರುವಾಗ ಬ್ಯಾಂಕಿನಿಂದ ಸಾಲ ವಸೂಲಿಗೆ ಬಂದವರ ಮುಖ ಮಾಡಿಕೊಂಡು ಬರುತ್ತಿದ್ದರು.

ನನಗೆ ಇದು ಹೊಸದಲ್ಲ. ಕುಳಗೇರಿ ಕ್ರಾಸಿನ ಆಚೆಗಿರುವ ನನ್ನ ತವರೂ ಕುರಿಗಾರರ ದೇವರಾದ ಬೀರಪ್ಪನ ಒಕ್ಕಲು, ಅಲ್ಲಿಯೂ ಇದೇ ಪದ್ಧತಿ. ನನ್ನಪ್ಪ ನನ್ನನ್ನು ನಾಲ್ಕು ಜನರ ಮುಂದೆ ಮೊದಲ ಸಲ ಎತ್ತಿಕೊಂಡದ್ದು ಅಜ್ಜ ತೀರಿಕೊಂಡ ಮೇಲೆಯಂತೆ. ಆಗ ನಾನು ಸಾಲಿಗೆ ಹೋಗುತ್ತಿದ್ದೆ. "ಈಗ್ಯಾಕ ಎತ್ಕೋತೀರಿ, ಕಾಲು ನೆಲಾ ಮುಟ್ಟಾಕತ್ತಾವು, ಇಳಸ್ರಿ" ಎಂದು ಅವ್ವ ನಕ್ಕಿದ್ದಳಂತೆ. ಅವಳು ನಗುತ್ತಲೇ ಹೇಳುತ್ತಿದ್ದಳು, ನಾನು ನಗುತ್ತಲೇ ಕೇಳುತ್ತಿದ್ದೆ.

ಆ ಮನೆಯಿಂದ ಹೊರಟು ಬಾಗಲಕೋಟೆಯ ಹಾಸ್ಟೆಲಿನಲ್ಲಿ ತಣ್ಣನೆಯ ಅನ್ನ ಉಂಡು, ಇಬ್ಬರು ಗೆಳತಿಯರ ಹಳೆಯ ಪುಸ್ತಕ ಓದಿ, ನಾನು ಬಿಎಸ್ಸಿ ಮಾಡಿದೆ. ಪ್ರಾಣಿಶಾಸ್ತ್ರ. ಆಮೇಲೆ ಬಿಎಡ್. ನಮ್ಮ ಬಳಗದಲ್ಲಿ ಪ್ರಾಣಿಗಳ ನಡುವೆ ಬದುಕಿದವರು ಎಲ್ಲರೂ. ಪ್ರಾಣಿಗಳ ಬಗ್ಗೆ ಪರೀಕ್ಷೆ ಬರೆದು ಪಾಸಾದವಳು ನಾನೊಬ್ಬಳೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಕಷ್ಟಪಟ್ಟವರು ಹೇಳಿಕೊಳ್ಳದಿದ್ದರೆ ಪುಕ್ಕಟೆ ಪಡೆದವರು ಹೇಳಿಕೊಳ್ಳುತ್ತಾರೆ.

ಹುನಗುಂದದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಬಾಣಂತನಕ್ಕೆಂದು ರಜೆ ಹಾಕಿದ್ದೆ. ಹತ್ತನೆಯವರ ಪರೀಕ್ಷೆ ಹತ್ತಿರ ಬಂದಾಗ ಹೆಡ್‌ಮಾಸ್ತರರು ಫೋನು ಮಾಡಿದರು. "ಮೇಡಂ, ಮುಂಜಾನಿ ಸ್ಪೆಷಲ್ ಕ್ಲಾಸ್ ಅದಾವು. ಮುಂದಿನ ಸೋಮವಾರ ಬರ್ತೀರೋ, ಇಲ್ಲಾ ನಾವು ಬ್ಯಾರೇದವ್ರನ್ನ ನೋಡ್ಕೊಳ್ಳೂಣೋ? ಒಬ್ರು ಬಂದು ಕೇಳಿ ಹೋಗ್ಯಾರ." ಬರುತ್ತೇನೆ ಎಂದೆ. ಕೂಸನ್ನು ಅತ್ತೆ ನೋಡಿಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಆದರೆ ಮಾರನೆಯ ದಿನವೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಎಲುಬು ಮುರಿದು, ದವಾಖಾನೆಯವರು ಮೊಣಕೈ ದಾಟುವ ಹಾಗೆ ಪ್ಲಾಸ್ಟರ್ ಹಾಕಿ ಕಳಿಸಿದರು.

ಅಂದು ಸಂಜೆ ಪಡಸಾಲೆಯಲ್ಲಿ ಸಭೆ ಸೇರಿತು. ಎದುರುಮನೆಯ ಚಾಚಾ ಕೂಡ ಬಂದಿದ್ದರು. ತಮ್ಮ ಮನೆಯ ಮುಂಭಾಗದ ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅವರು, ಮಾವನ ಬಾಲ್ಯದ ದೋಸ್ತಿ. ನಮ್ಮ ಮನೆಯಲ್ಲಿ ಅವರಿಗೆ ಗೊತ್ತಿಲ್ಲದ ಸಂಗತಿ ಯಾವುದೂ ಇಲ್ಲ.

"ನೌಕರಿ ಬಿಡು. ಕೂಸು ದೊಡ್ಡದಾದ ಮ್ಯಾಲ ನೋಡಿದ್ರಾತು" ಎಂದರು ಮಾವ.

"ಬಿಟ್ರ ಮತ್ತ ಸಿಗೂದಿಲ್ರಿ ಮಾವಾರ. ಕ್ಲಾಸು ಬರೇ ಮುಂಜಾನಿ ಅದಾವು. ಇವರದು ಮಧ್ಯಾಹ್ನದ ಪಾಳಿ. ನಾ ಹೊಳ್ಳಿ ಬಂದ ಮ್ಯಾಲ ಇವರ ಬಸ್ಸು. ಅಲ್ಲಿತನಾ ಇವರು ಮನ್ಯಾಗ ಇರ್ತಾರ."

ನನ್ನ ಗಂಡ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ನಾಲ್ಕು ಜನ ಹಿಡಿಯುವ ಕಲ್ಲನ್ನು ಒಂದು ಗೀರೂ ಬೀಳದಂತೆ ಇಳಿಸಬಲ್ಲರು. ಆ ಗಳಿಗೆಯಲ್ಲಿ ಅವರು ತಲೆ ಎತ್ತಿ ಜಂತಿಗಳನ್ನು ಎಣಿಸುತ್ತಿದ್ದರು.

ಮಾವನಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಅಲ್ಲಬೇ, ಟಗರು ಎಂದರ ಮರೀ ನೋಡೇತೇನು? ಹೋರಿ ಕರಾ ನೆಕ್ಕೇತೇನು? ಹುಂಜ ಕಾವಿಗೆ ಕುಂತಿದ್ದು ಯಾರರ ನೋಡೀರೇನು? ಗಂಡು ಅಂಬೂದನ್ನ ದೇವರು ಆ ಕೆಲಸಕ್ಕ ಮಾಡಿಲ್ಲ. ನೀ ಕಲ್ತಾಕಿ, ಪ್ರಾಣಿಗೋಳ್ದ ಓದೀದಿ. ಒಂದ ಒಂದು ಗಂಡು ಹೇಳು ನೋಡೂಣು."

ಕೇಳಬಾರದವಳನ್ನು ಕೇಳಿದ್ದರು. "ನರಿ" ಎಂದೆ.

"ಏನಂದಿ?"

"ಗಂಡ ನರಿ ಮರಿ ಸಾಕತೈತ್ರಿ. ಮರಿ ಹಾಕಿದ ಹೊಸದಾಗ ತಾಯಿ ಬಿಲಾ ಬಿಟ್ಟು ಹೊರಗ ಬರೂದಿಲ್ಲ. ಆಗ ಅದಕ್ಕ ಇಲಿ, ಹಲ್ಲಿ ಹಿಡ್ದು ತಂದು ಹಾಕೂದು ಗಂಡು. ಮರಿ ಹೊರಗ ಬಂದ ಮ್ಯಾಲ ಅವಕ್ಕೂ ತರತೈತಿ. ತಾಯಿ ಬ್ಯಾಟಿಗೆ ಹೋದ್ರ ಕಾವಲಾ ಕುಂದರತೈತಿ."

ಎಲ್ಲಾ ಗಂಡುಪ್ರಾಣಿಗಳೂ ಹೀಗೆಯೇ ಎಂದು ನಾನು ಹೇಳಲಿಲ್ಲ. ಮರಿಗಳ ಕಡೆ ತಿರುಗಿಯೂ ನೋಡದ ಗಂಡುಹುಲಿಯ ಹೆಸರು ಎತ್ತಲೇ ಇಲ್ಲ. ಎತ್ತಿದ್ದರೆ ಮಾವ ಆ ಕೂಡಲೇ ಹುಲಿಯ ಪಕ್ಷ ಸೇರುತ್ತಿದ್ದರು.

"ನರಿ ಬುದ್ಧಿ ನರೀದು" ಎಂದರು ಮಾವ. "ಅದೂ ಖರೆ ಇರಲಿಕ್ಕಿಲ್ಲ. ಪುಸ್ತಕದಾಗ ಬರದಾವ ಯಾವ ನರಿ ಮನೀಗೆ ಉಣ್ಣಾಕ ಹೋಗಿದ್ದ?"

ಚಾಚಾ ಬೀಡಿ ಆರಿಸಿದರು. "ಲೇ ದೋಸ್ತ, ನೋಡಿದ್ರ ಆತಲ್ಲ? ನನ್ನ ತಮ್ಮನ ಹೊಲದ ಮಗ್ಗಲ ಬೀಳು ಭೂಮಿ ಐತಲ್ಲ, ಅಲ್ಲಿ ಜಾಲಿಗಿಡದ ಬುಡಕ ನರಿ ಗುದ್ದು ಮಾಡೇತಿ. ಮರಿ ಅದಾವು."

ಮಾವ ಹುರುಪಿನಲ್ಲಿ ನೆಲಕ್ಕೆ ಕೈ ಬಡಿದರು. "ನಡಿ ಹಂಗಾದ್ರ! ಗಂಡ ನರಿ ಮರಿ ಸಾಕೂದು ನನ್ನ ಕಣ್ಣೀಲೆ ನೋಡಿದ್ರ ನನ್ನ ಮಗಾನೂ ಸಾಕ್ಲಿ. ಬೀರಪ್ಪನ ಆಣಿ. ಇಲ್ಲಂದ್ರ ಈಕಿ ನೌಕರಿ ಮಾತು ಎತ್ತಬಾರದು."

ಹೀಗೆ ನಾನು ಅಷ್ಟು ವರ್ಷ ಓದಿ ಗಳಿಸಿದ ನೌಕರಿ ಒಂದು ನರಿಯ ಗುಣನಡತೆಯ ಮೇಲೆ ನಿಂತಿತು. ನನ್ನ ಪದವಿಪತ್ರವನ್ನು ಯಾರೂ ಕೇಳಲಿಲ್ಲ. ಗಂಡನ ಅಭಿಪ್ರಾಯವನ್ನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಾರನೆಯ ಸಂಜೆಯಿಂದ ಮಾವ ಮತ್ತು ಚಾಚಾ ಬೀಳು ಭೂಮಿಯ ಈಚೆ ಬದುವಿನ ಮೇಲೆ, ಗಾಳಿ ತಮ್ಮ ಕಡೆ ಬರುವ ಹಾಗೆ ನೋಡಿಕೊಂಡು, ಬೇವಿನ ಗಿಡದ ಮರೆಗೆ ಕುಳಿತುಕೊಳ್ಳತೊಡಗಿದರು. ಅಂಗಡಿಯಿಂದ ಚಹಾಪುಡಿ ತರಲು ಹೇಳಿದರೆ ಮೊಣಕಾಲು ನೋವು ಎನ್ನುವ ಮಾವ ಅಷ್ಟು ದೂರ ನಡೆದರು. ಎರಡನೆಯ ದಿನ ಕಟ್ಟೆಯ ಮೇಲಿನ ನಾಲ್ಕೈದು ಜನ ಜೊತೆಯಾದರು. ಆ ನಾಲ್ಕೈದು ಮಂದಿಯ ಮನೆಗಳಲ್ಲಿ ಅದೇ ಹೊತ್ತಿಗೆ ಹೆಂಡಂದಿರು ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿರುತ್ತಿದ್ದರು. ಗಂಡಂದಿರು ಬೀಳಿನಲ್ಲಿ ಕುಳಿತು, ಗಂಡಾದದ್ದು ಮರಿ ಸಾಕುತ್ತದೆಯೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಮೂರನೆಯ ಸಂಜೆ ಮಾವ ಗೆದ್ದ ಮುಖದಲ್ಲಿ ಬಂದರು.

"ನೋಡಿದೆವು. ಎರಡು ನರಿ ಅದಾವು. ಒಂದು ಇಲಿ ಕಚ್ಚಿಕೊಂಡು ಬಂತು, ಇಟ್ಟಿತು, ಮತ್ತ ಹೋತು, ಮತ್ತ ತಂತು. ಇನ್ನೊಂದು ಗುದ್ದಿನ ಬಾಯಾಗ ಅಡ್ಡ ಬಿದ್ದಿತ್ತು. ಬಾಲಾ ಸೈತ ಅಳ್ಳಾಡಸಲಿಲ್ಲ."

"ಹಂಗಾದ್ರ ಆತಲ್ರಿ" ಎಂದೆ. "ತಂದದ್ದು ಗಂಡು."

"ಯಾರ ಹೇಳಿದ್ರು?" ಮಾವನಿಗೆ ನನ್ನ ದಡ್ಡತನಕ್ಕೆ ಕನಿಕರ ಬಂತು. "ದುಡಿಯೂದು ಹೆಣ್ಣು. ಬಿದ್ದುಕೊಂಡಿದ್ದು ಗಂಡು. ಇದಕ್ಕ ಕಾಲೇಜಿಗೆ ಹೋಗಬೇಕೇನು?"

ಜೊತೆಗೆ ಬಂದಿದ್ದವರೆಲ್ಲ ತಲೆಯಾಡಿಸಿದರು. ಅನುಮಾನವೇ ಇಲ್ಲ. ಅವರು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಕಣ್ಣಾರೆ ಕಂಡ ಗುರುತಿನಿಂದಲೇ ನರಿಯ ಜಾತಕ ಹೇಳಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಪ್ಲಾಸ್ಟರಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಶುಕ್ರವಾರವಾಗಿತ್ತು. ಹೆಡ್‌ಮಾಸ್ತರರು ಇನ್ನೊಮ್ಮೆ ಫೋನು ಮಾಡಿ, "ಖಾತ್ರಿ ಬರ್ತೀರಲ್ಲ?" ಎಂದು ಕೇಳಿದ್ದರು. ಬರುತ್ತೇನೆ ಎಂದು ಎರಡನೆಯ ಸಲವೂ ಹೇಳಿದ್ದೆ, ಯಾವ ಧೈರ್ಯದ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

"ಮಾವಾರ, ಒಂದ ಮಾತು" ಎಂದೆ. "ಮರಿ ಹೊರಗ ಬಂದಾಗ ಹಾಲಿಗೆ ಯಾವುದರ ಹೊಟ್ಟಿಗೆ ಬಾಯಿ ಹಚ್ಚತಾವು ಅದನ್ನ ನೋಡಿ ಬರ್ರಿ. ಅಷ್ಟ ಸಾಕು."

ಶನಿವಾರ ಸಂಜೆ ನೋಡುಗರ ಗುಂಪು ಎಂದಿಗಿಂತ ಬೇಗ ಹೊರಳಿ ಬಂತು. ಮಾವ ಮುಂದೆ, ಮುಖ ಗಂಟಿಕ್ಕಿಕೊಂಡು. ಹಿಂದೆ ಚಾಚಾ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ.

"ಯವ್ವಾ, ನಿಮ್ಮ ಮಾವನ ಗಂಡ ನರಿ ಇವತ್ತು ನಾಕು ಮರಿಗೆ ಹಾಲು ಕುಡಿಸ್ತು! ನನ್ನ ಜನಮದಾಗ ಇಂಥಾ ಗಂಡು ನೋಡಿದ್ದಿಲ್ಲ!"

ಉಳಿದವರಿಗೆ ನಗಲು ಪುರುಸೊತ್ತಿರಲಿಲ್ಲ. ಅವರು ಆಗಲೇ ಇಲಿ ತರುವ ನರಿಯ ಅಭಿಮಾನಿಗಳಾಗಿದ್ದರು. ಒಬ್ಬ, "ಗಂಡಸು ಅಂದ್ರ ಅದ ನೋಡ್ರಿ, ಒಂದ ಸಂಜಿಗೆ ಮೂರು ಸಲ ಹೋಗಿ ಬಂತು" ಎಂದ. ಇನ್ನೊಬ್ಬ, "ಮರಿ ಬಾಲಾ ಜಗ್ಗಿ ಕಿವಿ ಕಚ್ಚಿದ್ರೂ ಹೂಂ ಅನಲಿಲ್ಲ, ಎಂಥಾ ತಾಳ್ಮಿ!" ಎಂದ. ಹೀಗೆ ಹೊಗಳುತ್ತಿದ್ದವನ ಮಗಳು ಬಂದು, "ಯಪ್ಪಾ, ತಮ್ಮ ಅಳಾಕತ್ತಾನ, ಅವ್ವ ಕರಿಯಾಕತ್ತಾಳ" ಎಂದಳು. "ನಿಮ್ಮವ್ವಗ ಹೇಳು, ನಾ ಇಲ್ಲಿ ಮಾತಾಡಾಕತ್ತೇನಿ ಅಂತ" ಎಂದು ಅವಳನ್ನು ಕಳಿಸಿ ಅವನು ನರಿಯ ತಾಳ್ಮೆಯ ಬಗ್ಗೆ ಮುಂದುವರಿಸಿದ.

ಎಲ್ಲರೂ ಹೋದ ಮೇಲೆ ಮಾವ ಕಂಬಳಿಯ ಮೇಲೆ ಕುಳಿತು ಅದರ ಅಂಚಿನ ಎಳೆ ಕೀಳತೊಡಗಿದರು. ಬೀರಪ್ಪನ ಆಣೆ ಇಟ್ಟವರು. ನಮ್ಮ ಮನೆಗಳಲ್ಲಿ ಆ ಆಣೆಯನ್ನು ಯಾರೂ ಚೇಷ್ಟೆಗೆ ಇಡುವುದಿಲ್ಲ, ಇಟ್ಟವರು ಮುರಿಯುವುದೂ ಇಲ್ಲ. ಕೊನೆಗೆ ಅಂದರು:

"ನರಿ ಸಾಕತೈತಿ, ಒಪ್ಪಿದೆ. ಆದರ ಆ ಗುದ್ದಿನ ಬಾಯಾಗ ಅದರಪ್ಪ ಕುಂತಿದ್ದಿಲ್ಲ. ಕುಂತಿದ್ರ ಆ ನರೀನೂ ಮರೀ ಮುಟ್ಟತಿದ್ದಿಲ್ಲ."

ಒಪ್ಪಬೇಕಾದ ಮಾತು. ಪರೀಕ್ಷೆಗೆ ಕೂತ ವಿದ್ಯಾರ್ಥಿಯಾಗಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಗಂಡುನರಿಗಳ ಬಗ್ಗೆ ಪುಸ್ತಕದಲ್ಲಿ ಓದುವಾಗ ಅವುಗಳ ಅಪ್ಪ ಎಲ್ಲಿದ್ದ ಎಂದು ನಾನು ಎಂದೂ ಕೇಳಿರಲಿಲ್ಲ. ಮರಿಗಳು ಬೆಳೆದು ದೂರ ಹೋಗಿ ತಮ್ಮದೇ ಜಾಗ ಹುಡುಕಿಕೊಳ್ಳುತ್ತವೆ. ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಕುಳಿತ ಮುದಿನರಿ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಬಾಯಿ ಬಿಟ್ಟರು. ನಾನು ಮದುವೆಯಾಗಿ ಬಂದಾಗಿನಿಂದ ಅವರು ಮಾವನ ಮಾತಿಗೆ ಎದುರು ಆಡಿದ್ದನ್ನು ಕೇಳಿರಲಿಲ್ಲ.

"ಹಂಗಾದ್ರ ತೊಂದ್ರಿ ಮಗಂದಲ್ಲ, ಅಪ್ಪಂದು. ನೀವು ಕುಂತ ಜಾಗಾ ಬಿಟ್ಟು ಏಳ್ರಿ."

"ಎಲ್ಲಿಗೆ ಹೋಗ್ಲಿ?"

"ಕೂಸು ಎತ್ಕೋಳಾಕ ಬರೂದಿಲ್ಲ ಅಂತ ಮೂರು ಮಕ್ಕಳನ್ನ ನನ್ನ ಉಡ್ಯಾಗ ಹಾಕಿ ಕುರಿ ಹಿಂದ ಹೋಗ್ತಿದ್ರಲ್ಲ, ಆವಾಗ ಯಾರ್ನ ಕೇಳಿ ಹೋಗ್ತಿದ್ರಿ?"

ಮಾವ ಅವರ ಕಡೆ ನೋಡಿದರು, ಪ್ಲಾಸ್ಟರಿನ ಕಡೆ ನೋಡಿದರು. ನನ್ನ ಗಂಡ ಮೊಟ್ಟಮೊದಲ ಬಾರಿಗೆ ಜಂತಿ ಬಿಟ್ಟು ನೆಲ ನೋಡತೊಡಗಿದರು. ಅದನ್ನೂ ನಾನು ಪ್ರಗತಿ ಎಂದೇ ಎಣಿಸಿದೆ.

ಭಾನುವಾರ ಪೂರ್ತಿ ಯಾರೂ ಆ ಮಾತು ಎತ್ತಲಿಲ್ಲ. ನಾನು ಸೀರೆಗೆ ಇಸ್ತ್ರಿ ಮಾಡಿದೆ, ಕೂಸಿಗೆ ಗಂಜಿಹಿಟ್ಟು ಹುರಿದು ಡಬ್ಬಿಗೆ ತುಂಬಿದೆ, ಗಂಡನಿಗೆ ಎಷ್ಟು ನೀರಿಗೆ ಎಷ್ಟು ಹಿಟ್ಟು ಎಂದು ಕೋಣೆಯೊಳಗೆ ಕಲಿಸಿದೆ. "ಗಂಟಾದ್ರ?" ಎಂದು ಕೇಳಿದರು. "ಗಂಟಾಗದಂಗ ತಿರುವ್ರಿ" ಎಂದೆ. "ಅಪ್ಪ ಏಳದಿದ್ರ?" ಎಂದು ಕೇಳಿದರು. ನಾನು ಹಿಟ್ಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ.

ಸೋಮವಾರ ಬೆಳಿಗ್ಗೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಬಂದಾಗ ಮಾವ ತಮ್ಮ ಜಾಗದಲ್ಲಿಯೇ ಕುಳಿತಿದ್ದರು. ಗಂಡ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ಯಾರೂ ಅಲುಗಾಡಲಿಲ್ಲ. ಹೊರಗೆ ಬಸ್ಸಿನ ಹಾರ್ನು ಕೇಳಿಸಿತು.

ಮಾವ ಎದ್ದರು. ರುಮಾಲು ಸುತ್ತಿಕೊಂಡರು. "ಮನ್ಯಾಗ ಭಾಳ ಝಳಾ" ಎಂದರು, ಇನ್ನೂ ಎಂಟು ಗಂಟೆಯೂ ಆಗಿರದ ತಂಪು ಹೊತ್ತಿನಲ್ಲಿ. ಕಂಬಳಿಯನ್ನು ಮಡಚಿ ಬಗಲಿಗೆ ಇಟ್ಟುಕೊಂಡು, ಹಿಂದಿರುಗಿ ನೋಡದೆ ರಸ್ತೆ ದಾಟಿ ಚಾಚಾನ ಅಂಗಡಿಯೊಳಗೆ ಹೋದರು. ನಾನು ಕೂಸನ್ನು ಅದರಪ್ಪನ ಕೈಗೆ ಕೊಟ್ಟು ಓಡಿದೆ.

ಆಮೇಲೆ ಓಣಿಯ ಹೆಂಗಸರು ನಾನಾ ನೆವ ಹೇಳಿ ಬಂದು ನನ್ನ ಗಂಡನನ್ನು ನೋಡಿಕೊಂಡು ಹೋದರು. "ಎಂಥಾ ಗಂಡ! ಯಾವ ಜನ್ಮದ ಪುಣ್ಯಾನೋ ನಿಂದು" ಎಂದು ನನ್ನ ಗಲ್ಲ ಸವರಿದರು. ನಾನು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬಟ್ಟೆ ಒಗೆದು, ಹುನಗುಂದಕ್ಕೆ ಹೋಗಿ ಕಲಿಸಿ ಬಂದದ್ದಕ್ಕೆ ಪುಣ್ಯದ ಲೆಕ್ಕದಲ್ಲಿ ಜಾಗವಿರಲಿಲ್ಲ. ಇರಲಿ.

ಆ ಸೋಮವಾರ ಸಾಲಿ ಮುಟ್ಟಿದಾಗ ಹೆಡ್‌ಮಾಸ್ತರರು ಹಾಜರಿ ಪುಸ್ತಕ ಮುಂದಿಟ್ಟು ಕೇಳಿದರು: "ಕೂಸನ್ನ ಯಾರ ಕಡೆ ಬಿಟ್ಟು ಬಂದ್ರಿ ಮೇಡಂ?"

"ಅದರಪ್ಪನ ಕಡೆ."

ಅವರು ದೊಡ್ಡದಾಗಿ ನಕ್ಕರು. "ಚಾಷ್ಟಿ ಸಾಕು. ಖರೆ ಹೇಳ್ರಿ, ನಾಳಿ ಮತ್ತ ರಜಾ ಕೇಳಾಂಗಿಲ್ಲಲ್ಲ?"

"ಕೇಳೂದಿಲ್ರಿ" ಎಂದು ಸಹಿ ಮಾಡಿ, ಸೀಮೆಸುಣ್ಣ ತೆಗೆದುಕೊಂಡು ಹತ್ತನೆಯ ತರಗತಿಗೆ ಹೋದೆ.